ಮುಂದೆ ನಿಲ್ಲುವ ಮನಸ್ಸು

ಕೆಲವು ವರ್ಷಗಳ ಹಿಂದಿನ ಮಾತು. ಕಾಸರಗೋಡು ಸೀಮೆಯ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನಮ್ಮೊಡನೆ ದುಡಿಯುತ್ತಿದ್ದ ಹಿರಿಯ ಉಪಾಧ್ಯಾಯರೊಬ್ಬರಿಗೆ ಮುಖ್ಯೋಪಾಧ್ಯಾಯ ಪದವಿಗೆ ಬಡ್ತಿ ಬಂದಿತು. ಅವರು ಮರುದಿನವೇ ಬಡ್ತಿ ಬೇಡವೆಂದು ಬರೆದುಕೊಟ್ಟರು. ಪಾಠ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಊರಿನವರು ಅವರ ಮಾತಿಗೆ ಬೆಲೆ ಕೊಡುತ್ತಿದ್ದರು. ಅಂಥವರು ಹಿಂದೆ ಸರಿದುದನ್ನು ಕಂಡು ಅಧ್ಯಾಪಕರ ಕೊಠಡಿಯಲ್ಲಿ ನಾವೆಲ್ಲರೂ ಒಂದು ತೀರ್ಮಾನಕ್ಕೆ ಬಂದೆವು: ಎದೆಗಾರಿಕೆ ಸಾಲದು. ಚಹದ ಲೋಟ ಬರಿದಾಗುವುದರೊಳಗೆ ಒಬ್ಬ ಮನುಷ್ಯನ ಗುಣವನ್ನು ತೂಗಿ ಮುಗಿಸಿ ಎದ್ದೆವು. ಆ ತೂಕ ಸರಿಯಾಗಿತ್ತೆ ಎಂಬ ಸಂದೇಹ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಮುಂದಾಳುತನವು ಹುಟ್ಟುಗುಣ, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂದು ನಂಬುವುದು ಸುಲಭ. ಹಾಗೆ ನಂಬಿದರೆ ಉಳಿದವರ ಹೊಣೆ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಉಪಾಧ್ಯಾಯರು ಬೇಡವೆಂದ ಪದವಿ ಎಂಥದು? ನಮ್ಮ ಕಡೆಯ ಸಣ್ಣ ಶಾಲೆಗಳ ಮುಖ್ಯೋಪಾಧ್ಯಾಯರು ಬೇರೆ ಕೊಠಡಿಯಲ್ಲಿ ಕುಳಿತು ಆಳುವವರಲ್ಲ. ಎಷ್ಟೋ ಕಡೆ ಅವರೂ ಒಂದು ತರಗತಿಯನ್ನು ನೋಡಿಕೊಳ್ಳಬೇಕು. ಅದರ ನಡುವೆ ಹಾಜರಿ, ಕಟ್ಟಡದ ದುರಸ್ತಿ, ಮಧ್ಯಾಹ್ನದ ಊಟದ ಅಕ್ಕಿ ತರಕಾರಿಗಳ ಲೆಕ್ಕ. ಊಟದ ಹಣ ಬರುವುದು ತಡವಾದರೆ ಮೊದಲು ಕೈಯಿಂದಲೇ ಕೊಡಬೇಕು. 2023ರಲ್ಲಿ ಕೇರಳದ ಮುಖ್ಯೋಪಾಧ್ಯಾಯರ ಈ ಅಳಲು ಉಚ್ಚ ನ್ಯಾಯಾಲಯದವರೆಗೂ ಹೋಯಿತಲ್ಲವೆ? ಕನ್ನಡ ಶಾಲೆಯಾದರೆ ಮಲೆಯಾಳದಲ್ಲಿ ಬರುವ ಸುತ್ತೋಲೆಗಳನ್ನು ಓದಿ ಅರ್ಥಮಾಡಿಕೊಳ್ಳುವ ಕೆಲಸವೊಂದು ಹೆಚ್ಚು. 1969ರ ರಾಜಭಾಷಾ ಶಾಸನವು ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಹಕ್ಕು ಪುಸ್ತಕದಲ್ಲಿರುವುದು ಬೇರೆ, ಬೆಳಗಿನ ಹತ್ತು ಗಂಟೆಗೆ ಮೇಜಿನ ಮೇಲೆ ಬಂದು ಬೀಳುವ ಕಾಗದ ಬೇರೆ.

ಇಷ್ಟನ್ನು ಹೇಳಿ, "ಪರಿಸರ ಕೆಟ್ಟದ್ದು, ಆದುದರಿಂದ ಮನಸ್ಸು ಕುಗ್ಗಿತು" ಎಂದು ಮುಗಿಸಬಹುದಿತ್ತು. ಆದರೆ ಅದಕ್ಕೆ ಸಾವಿತ್ರಿಬಾಯಿ ಫುಲೆ ಅಡ್ಡ ಬರುತ್ತಾರೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದಾರಿಯಲ್ಲಿ ಜನರು ಕೆಸರು ಸೆಗಣಿಗಳನ್ನು ಎಸೆಯುತ್ತಿದ್ದರೆಂದೂ, ಶಾಲೆ ಸೇರಿದ ಮೇಲೆ ಉಡಲು ಅವರು ಇನ್ನೊಂದು ಸೀರೆಯನ್ನು ಒಯ್ಯುತ್ತಿದ್ದರೆಂದೂ ಹೇಳುತ್ತಾರೆ. ಅದಕ್ಕಿಂತ ಕೆಟ್ಟ ಪರಿಸರವನ್ನು ನಮ್ಮಲ್ಲಿ ಯಾರು ಕಂಡಿದ್ದೇವೆ? ಆದರೂ ಅವರು ಹಿಂದೆ ಸರಿಯಲಿಲ್ಲ. ಹಾಗಾದರೆ ಪರಿಸರದ ಮಾತು ಸೋತವರ ನೆಪವೆ?

ಈ ಗಂಟು ನಮಗೆ ಸ್ವಲ್ಪ ಸಡಿಲವಾದುದು ಒಂದು ರಾತ್ರಿ ತಾಳಮದ್ದಳೆಯಲ್ಲಿ. ಪ್ರಸಂಗ ಕರ್ಣಪರ್ವ. ದ್ರೋಣನು ಬಿದ್ದ ಮೇಲೆ ಕೌರವರ ಸೇನಾಧಿಪತ್ಯ ಕರ್ಣನಿಗೆ ಬಂದಿದೆ. ಕರ್ಣನ ಪರಾಕ್ರಮದಲ್ಲಿ ಕೊರತೆಯಿಲ್ಲ, ಸ್ವಾಮಿಭಕ್ತಿಯಲ್ಲಿ ಕೊರತೆಯಿಲ್ಲ. ಎದುರಿನ ಬಾಣಗಳಿಗೆ ಅವನು ಅಂಜಿದವನೂ ಅಲ್ಲ. ಆದರೆ ಅವನ ರಥದ ಮೂಕಿಯ ಮೇಲೆ ಕುಳಿತವನು ಶಲ್ಯ. ಕರ್ಣನ ಸಾರಥಿಯಾದಾಗ ಅವನ ತೇಜಸ್ಸನ್ನು ಕೊಲ್ಲುತ್ತೇನೆಂದು ಧರ್ಮರಾಜನಿಗೆ ಮೊದಲೇ ಮಾತು ಕೊಟ್ಟು ಬಂದವನು. ಕರ್ಣನು ಬಿಲ್ಲೆತ್ತಿದಾಗಲೆಲ್ಲ ಶಲ್ಯನು ಅರ್ಜುನನನ್ನು ಹೊಗಳುತ್ತಾನೆ. ಹಂಸದೊಡನೆ ಹಾರಲು ಹೋದ ಕಾಗೆಯ ಕಥೆಯನ್ನು ಹೇಳಿ ಚುಚ್ಚುತ್ತಾನೆ. ‘ತೇಜೋವಧೆ’ ಎಂದು ನಾವು ದಿನವೂ ಆಡುವ ಮಾತಿನ ಪೂರ್ತಿ ಅರ್ಥ ತಿಳಿಯಬೇಕಾದರೆ ಆ ರಥವನ್ನು ನೋಡಬೇಕು. ಸಾವಿತ್ರಿಬಾಯಿಯವರ ಹೊರಗೆ ಇದ್ದುದು ಕೆಸರು. ಆದರೆ ಮನೆಯೊಳಗೆ, ಓದು ಕಲಿಸಿ ಜೊತೆಗೆ ನಿಂತ ಜ್ಯೋತಿರಾಯರಿದ್ದರು. ಹಾಗೆಂದು ಆ ತಾಯಿಯ ಧೈರ್ಯವನ್ನು ಪತಿಯ ಲೆಕ್ಕಕ್ಕೆ ಬರೆಯುವುದು ನಮ್ಮ ಉದ್ದೇಶವಲ್ಲ. ಹೊರಗಿನ ವಿರೋಧವನ್ನು ತಾಳುವ ಮನಸ್ಸು ಕೂಡ ಪಕ್ಕದಲ್ಲಿ ಕುಳಿತವರ ಮಾತಿಗೆ ಬಾಡುತ್ತದೆ ಎಂಬುದಷ್ಟೆ.

2001ರಲ್ಲಿ ಚಾನ್ ಮತ್ತು ಡ್ರಾಸ್ಗೋ ಎಂಬ ಇಬ್ಬರು ವಿದ್ವಾಂಸರು ಮುಂದಾಳಾಗುವ ಇಚ್ಛೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಆ ಕೆಲಸವೇ ಇಷ್ಟವಾಗಿ ಮುಂದೆ ಬರುವುದು, ಕರ್ತವ್ಯವೆಂದು ಬರುವುದು, ಲಾಭನಷ್ಟಗಳ ಲೆಕ್ಕ ಹಾಕದೆ ಬರುವುದು. ಮೂರನೆಯದು ನಮ್ಮ ಗಮನವನ್ನು ಸೆಳೆಯಿತು. ಲೆಕ್ಕ ಹಾಕದಿರುವುದು ದೊಡ್ಡ ಗುಣವೇ ಸರಿ. ಆದರೆ ಒಂದು ತಪ್ಪಿಗೆ ಹತ್ತು ವಿವರಣೆ ಕೇಳುವ, ಹತ್ತು ಒಳ್ಳೆಯ ಕೆಲಸಗಳಿಗೆ ಒಂದು ಮಾತನ್ನೂ ಆಡದ ಸ್ಥಳದಲ್ಲಿ ಎಂಥ ಉದಾರಿಯೂ ಲೆಕ್ಕವನ್ನು ಕಲಿಯುತ್ತಾನೆ. ಕಲಿಸಿದವರು ಬಳಿಕ ಅವನನ್ನು ಲೆಕ್ಕಾಚಾರದವನೆಂದು ಆಡಿಕೊಳ್ಳುವುದು ನ್ಯಾಯವೆ?

ನಮ್ಮ ತರಗತಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಜೂನ್ ತಿಂಗಳಲ್ಲಿ ನಾಲ್ಕನೆಯ ತರಗತಿಗೆ ಲೀಡರನನ್ನು ಆರಿಸಲು ಹೊರಟರೆ ಒಂದು ಕೈಯೂ ಮೇಲೇಳಲಿಲ್ಲ. ಚುರುಕಾದ ಒಬ್ಬ ಹುಡುಗಿಯನ್ನು ಕರೆದೆವು. "ನನಗೆ ಬೇಡ ಮಾಷ್ಟ್ರೇ" ಎಂದಳು. ಕಾರಣ ಕೇಳಿದಾಗ ತಲೆ ತಗ್ಗಿಸಿ ಹೇಳಿದಳು: "ಮಾತಾಡಿದವರ ಹೆಸರು ಬರೆದರೆ ಅವರು ಬೈಯುತ್ತಾರೆ. ಬರೆಯದಿದ್ದರೆ ನೀವು ಬೈಯುತ್ತೀರಿ." ನಾವು ನಕ್ಕೆವು, ನಗು ಅರ್ಧಕ್ಕೆ ನಿಂತಿತು. ನಮ್ಮ ಸಹೋದ್ಯೋಗಿ ಬರೆದುಕೊಟ್ಟ ಕಾಗದದಲ್ಲಿ ಇದ್ದುದೂ, ಗೌರವದ ಭಾಷೆಯನ್ನು ತೆಗೆದರೆ, ಇದೇ ಮಾತು.

1939ರಲ್ಲಿ ಅಮೆರಿಕದ ಅಯೋವದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಉಪಾಧ್ಯಾಯರಿಗೆ ಉಪಯುಕ್ತವಾದುದು. ಹತ್ತು ವರ್ಷದ ಆಚೀಚಿನ ಹುಡುಗರ ಸಣ್ಣ ಕೂಟಗಳಿಗೆ ಮುಖವಾಡ ಮಾಡುವಂಥ ಕೆಲಸಗಳನ್ನು ಕೊಟ್ಟರು. ಕೆಲವು ಕೂಟಗಳಲ್ಲಿ ಹಿರಿಯನು ಎಲ್ಲವನ್ನೂ ತಾನೇ ಆಜ್ಞಾಪಿಸುತ್ತಿದ್ದನು. ಕೆಲವು ಕೂಟಗಳಲ್ಲಿ ಹುಡುಗರೊಡನೆ ಕೂಡಿ ನಿಶ್ಚಯಿಸುತ್ತಿದ್ದನು. ಇನ್ನು ಕೆಲವು ಕಡೆ ಸುಮ್ಮನೆ ಬಿಟ್ಟುಬಿಡುತ್ತಿದ್ದನು. ಆಜ್ಞೆಯ ಕೂಟದಲ್ಲಿ ಹಿರಿಯನು ಹೊರಗೆ ಹೋದೊಡನೆ ಕೆಲಸ ಬಿದ್ದುಹೋಗುತ್ತಿತ್ತು. ಕೂಡಿ ನಿಶ್ಚಯಿಸಿದಲ್ಲಿ ಅವನಿಲ್ಲದಾಗಲೂ ಬಹುಮಟ್ಟಿಗೆ ನಡೆಯುತ್ತಿತ್ತು. ನಾವು ಕಚೇರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ತರಗತಿ ಸಂತೆಯಾಗುತ್ತಿದ್ದುದಕ್ಕೆ ಮಕ್ಕಳ ತುಂಟತನವೊಂದೇ ಕಾರಣವಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಕರಿಹಲಗೆಯಲ್ಲಿ ಹೆಸರು ಬರೆಸುವುದನ್ನು ಅಂದೇ ನಿಲ್ಲಿಸಿದೆವು. ಆ ಹುಡುಗಿಯ ಕೈಗೆ ಪುಸ್ತಕದ ಪೆಟ್ಟಿಗೆಯ ಬೀಗದ ಕೈಯನ್ನು ಕೊಟ್ಟು, ಯಾರಿಗೆ ಎಷ್ಟು ದಿನ ಪುಸ್ತಕವೆಂಬುದನ್ನು ಅವರವರೇ ಕೂಡಿ ಗೊತ್ತುಮಾಡಲಿ ಎಂದೆವು. ಆಗಸ್ಟಿನೊಳಗೆ ಎರಡು ಪುಸ್ತಕಗಳು ಕಾಣೆಯಾದುವು. ಬೈಯುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆವು, ಅಷ್ಟು ಸುಲಭವಾಗಿ ಅಲ್ಲ. ಒಂದು ಪುಸ್ತಕ ಅವಳ ವಿಚಾರಣೆಯಿಂದಲೇ ಸಿಕ್ಕಿತು. ಇನ್ನೊಂದು ಇಂದಿಗೂ ಸಿಕ್ಕಿಲ್ಲ. ಬೀಗದ ಕೈ ಅವಳಲ್ಲೇ ಇದೆ.

ಮೊನ್ನೆ ಶಾಲೆಯ ಹೊಣೆಯನ್ನು ಹೊಸಬರು ಬರುವ ತನಕ ನಾವು ವಹಿಸಿಕೊಳ್ಳಬಹುದೆ ಎಂದು ವಿಚಾರಿಸಿದ ಕಾಗದ ಬಂದಿತು. ಅದನ್ನು ಮಡಿಚಿ ಕಿಸೆಯಲ್ಲಿಟ್ಟು, ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಕುಳಿತಿದ್ದೆವು. ಅಂದು ಬಡ್ತಿಯನ್ನು ಬಿಟ್ಟ ಆ ಹಿರಿಯರು ಬಳಿಗೆ ಬಂದರು. "ನೀವು ಒಪ್ಪಿಕೊಳ್ಳಿ ಮಾಷ್ಟ್ರೇ, ಊಟದ ಲೆಕ್ಕ ನಾನು ಬರೆಯುತ್ತೇನೆ" ಎಂದರು. ಅಂದು ಅವರಿಗೆ ಈ ಮಾತನ್ನು ಹೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅವರ ಮುಖವನ್ನು ನೋಡಿ ಉತ್ತರ ಕೊಡಲು ನಮಗೆ ಆ ಹೊತ್ತಿನಲ್ಲಿ ಸಾಧ್ಯವಾಗಲಿಲ್ಲ.