ಸೊನ್ನೆ ಅಂದರೆ ಏನೂ ಇಲ್ಲ ಅಂತಲೇ?

ಅಬುಧಾಬಿಯ ಮುಸಫ್ಫಾ ಅಂದರೆ ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಗೋದಾಮು, ಕಾರ್ಮಿಕರ ಕ್ಯಾಂಪು. ಅಲ್ಲಿನ ಒಂದು ಕಂಪನಿಯಲ್ಲಿ ಕೆಲವರಿಗೇ ಪದೇಪದೇ ಗಾಯ ಆಗೋದು ಯಾಕೆ ಅಂತ ನೀವು ಹುಡುಕಬೇಕು ಅಂದುಕೊಳ್ಳಿ. 120 ಕಾರ್ಮಿಕರು; ಒಬ್ಬೊಬ್ಬರ ಬಗ್ಗೆ 300 ಕಾಲಂ: ವಯಸ್ಸು, ಶಿಫ್ಟು, ಓವರ್‌ಟೈಮ್, ನಿದ್ದೆ, ಬಿಸಿಲಿನಲ್ಲಿ ಕಳೆದ ಹೊತ್ತು...

ಜನಕ್ಕಿಂತ ಕಾಲಂ ಜಾಸ್ತಿಯಾದರೆ ಮಾಮೂಲಿ ರಿಗ್ರೆಶನ್ ಕೈಚೆಲ್ಲುತ್ತೆ. ಡೇಟಾಗೆ ಹೊಂದುವ ಉತ್ತರಗಳು ಲೆಕ್ಕವಿಲ್ಲದಷ್ಟು. 1996ರಲ್ಲಿ ರಾಬರ್ಟ್ ಟಿಬ್‌ಶಿರಾನಿ ಮಂಡಿಸಿದ ‘ಲ್ಯಾಸೋ’ ಪ್ರತಿ ಕಾಲಂನ ತೂಕಕ್ಕೆ ಒಂಥರಾ ತೆರಿಗೆ ಹಾಕುತ್ತೆ. ತೆರಿಗೆಗೆ ತಕ್ಕ ಪ್ರಯೋಜನ ತೋರಿಸದ ಕಾಲಂಗೆ ಸೊನ್ನೆ. 300ರಲ್ಲಿ ಹತ್ತೋ ಹನ್ನೆರಡೋ ಉಳಿಯಬಹುದು.

ಆ ಸೊನ್ನೆಯನ್ನು ನಾವು ಹೇಗೆ ಓದಬೇಕು?

ಹೊಸಬರಿಗೇ ಹೆಚ್ಚು ಓವರ್‌ಟೈಮ್ ಬೀಳುತ್ತೆ ಅಂದುಕೊಳ್ಳಿ. ಆಗ ಎರಡೂ ಕಾಲಂ ಹೇಳೋದು ಒಂದೇ ಕಥೆ. ಇಂಥ ಕಡೆ ಲ್ಯಾಸೋ ಸಾಮಾನ್ಯವಾಗಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತೆ. ‘ಹೊಸಬ’ ಉಳಿದರೆ ಕಾರ್ಮಿಕನಿಗೆ ತರಬೇತಿ ಕೊಡಿ ಅನ್ನುತ್ತೆ ವರದಿ. ‘ಓವರ್‌ಟೈಮ್’ ಉಳಿದರೆ ಮಾಲೀಕನ ಕಡೆ ತಿರುಗುತ್ತೆ. ಮುಂದಿನ ಗಾಯ ಯಾರಿಗೆ ಅಂತ ಊಹಿಸೋಕೆ ಎರಡೂ ಹೆಚ್ಚುಕಮ್ಮಿ ಸಮ. ನ್ಯಾಯದ ಲೆಕ್ಕದಲ್ಲಿ ಸಮ ಅಲ್ಲ.

ಇನ್ನೊಂದು ಸೊನ್ನೆ ಇನ್ನೂ ವಿಚಿತ್ರ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಎಲ್ಲರೂ ನೆರಳಲ್ಲಿದ್ದರೆ ‘ನಡುಹಗಲ ಬಿಸಿಲು’ ಕಾಲಂ ಎಲ್ಲರಿಗೂ ಒಂದೇ. ವ್ಯತ್ಯಾಸ ಇಲ್ಲದ ಕಾಲಂಗೆ ತೂಕ ಸಿಗೋದಿಲ್ಲ. ನಿಯಮ ಕೆಲಸ ಮಾಡಿದ್ದಕ್ಕೇ ಬಂದ ಸೊನ್ನೆ ಅದು. ಅದನ್ನು ತೋರಿಸಿ ನಿಯಮ ಸಡಿಲಿಸಿ ಅಂದರೆ?

ಕಾಲಂಗಳ ನಂಟನ್ನು ಬಲೆಯಾಗಿ ಬಿಡಿಸುವ ‘ಗ್ರಾಫಿಕಲ್ ಲ್ಯಾಸೋ’ದಲ್ಲೂ ಇದೇ ಎಚ್ಚರ ಬೇಕು. ಮಿಕ್ಕ ಕಾಲಂಗಳನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಉಳಿಯುವ ನಂಟಿಗೆ ಅದು ಗೆರೆ ಎಳೆಯುತ್ತೆ. ಆದರೆ ಕಾಲಂ ಆಗದೇ ಉಳಿದದ್ದರ ಗತಿ? ಊರಲ್ಲಿ ಏಜೆಂಟನಿಗೆ ಕೊಡೋಕೆ ಮಾಡಿದ ಸಾಲ ಒಬ್ಬನನ್ನು ಓವರ್‌ಟೈಮಿಗೂ ಎಳೆಯುತ್ತೆ, ಜ್ವರದಲ್ಲೂ ರಜೆ ಹಾಕದಂತೆ ತಡೆಯುತ್ತೆ. ಸಾಲ ಡೇಟಾದಲ್ಲಿಲ್ಲದಿದ್ದರೆ ಆ ಎರಡರ ನಡುವೆ ನೇರ ಗೆರೆ ಬೀಳಬಹುದು. ನೋಡಿದವರು ‘ಇವನಿಗೆ ದುಡ್ಡಿನಾಸೆ’ ಅಂದುಬಿಡ್ತಾರೆ.

ಡೇಟಾದ ಅರ್ಧರ್ಧ ಭಾಗ ತೆಗೆದು ಮತ್ತೆ ಮತ್ತೆ ಓಡಿಸಿ, ಯಾವ ಕಾಲಂ ಎಷ್ಟು ಸಲ ಉಳಿಯಿತು ಅಂತ ಎಣಿಸುವ ವಿಧಾನ 2010ರಿಂದ ಇದೆ. ಅದು ಆಯ್ಕೆ ಎಷ್ಟು ಗಟ್ಟಿ ಅಂತ ಹೇಳುತ್ತೆ. ಬರೆಯದ ಸಾಲವನ್ನು ಹೇಳೋಕೆ ಅದಕ್ಕೂ ಆಗಲ್ಲ. ಅದನ್ನು ಕ್ಯಾಂಪಿಗೆ ಹೋಗಿ ಕೇಳಬೇಕು. ಹಾಗಾಗಿ ಮುಂದಿನ ಸಲ ಯಾರಾದರೂ ನಿಮಗೆ ‘ಮುಖ್ಯ ಕಾರಣಗಳ’ ಪಟ್ಟಿ ಕೊಟ್ಟರೆ, ಕೈಬಿಟ್ಟವುಗಳ ಪಟ್ಟಿಯನ್ನೂ ಕೇಳಿ. ಪ್ರತಿಯೊಂದರ ಮುಂದೆ ಯಾಕೆ ಬಿಟ್ಟಿರಿ ಅಂತಲೂ ಬರೆಸಿಕೊಳ್ಳಿ.