ಸೇನಾವೆಚ್ಚ ಮತ್ತು ಪರಿಗ್ರಹದ ಮಿತಿ

ಪ್ರಭುತ್ವದ ಸೇನಾವೆಚ್ಚವನ್ನು ಧಾರ್ಮಿಕ ದೃಷ್ಟಿಯಿಂದ ಪರಿಶೀಲಿಸುವವರು ಸಾಮಾನ್ಯವಾಗಿ ಹಿಂಸೆಯ ಪ್ರಶ್ನೆಯಿಂದಲೇ ತೊಡಗುತ್ತಾರೆ. ಆದರೆ ಜೈನರ ಶ್ರಾವಕಾಚಾರದಲ್ಲಿ, ಅಂದರೆ ಗೃಹಸ್ಥರಿಗೆ ವಿಧಿಸಿದ ನೀತಿಸಂಹಿತೆಯಲ್ಲಿ, ಅದಕ್ಕೆ ಬಹುಮಟ್ಟಿಗೆ ಉತ್ತರವಿದೆ. ಕೊಲ್ಲುವ ಉದ್ದೇಶದಿಂದಲೇ ಎಸಗುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಬೇಕು. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯ. ಗಂಗರ ದಂಡನಾಯಕ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದ ಶ್ರವಣಬೆಳಗೊಳದ ಬೆಟ್ಟದಲ್ಲೇ, ತ್ಯಾಗದ ಕಂಬವೆಂಬ ಸ್ತಂಭದ ಮೇಲೆ, ಅವನ ಯುದ್ಧವಿಜಯಗಳ ಪ್ರಶಸ್ತಿಯನ್ನೂ ಕೆತ್ತಲಾಯಿತು. ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನ ಬರಹಕ್ಕಾಗಿ ಅದರ ಬಹುಭಾಗವನ್ನು ಅಳಿಸಿದನಾದರೂ, ಉಳಿದ ಭಾಗದಲ್ಲಿ ದಂಡನಾಯಕನ ಶೌರ್ಯದ ವರ್ಣನೆ ಇಂದಿಗೂ ಓದಸಿಗುತ್ತದೆ.

ನಿಜವಾಗಿ ಕಠಿಣವಾದದ್ದು ಪರಿಗ್ರಹದ ಪ್ರಶ್ನೆ. ಪರಿಗ್ರಹವೆಂದರೆ ಸಂಗ್ರಹ ಮತ್ತು ಅದರ ಮೇಲಣ ಮಮತೆ. ಪರಿಗ್ರಹ ಪರಿಮಾಣವೆಂಬ ಅಣುವ್ರತವು, ಅಂದರೆ ಗೃಹಸ್ಥರಿಗೆ ವಿಧಿಸಿದ ಚಿಕ್ಕ ವ್ರತವು, ಗೃಹಸ್ಥನು ತನ್ನ ಸಂಗ್ರಹದ ಮಿತಿಯನ್ನು ತಾನೇ ಮುಂಚಿತವಾಗಿ ಗೊತ್ತುಪಡಿಸಿಕೊಳ್ಳಬೇಕೆಂದು ವಿಧಿಸುತ್ತದೆ. ರಾಷ್ಟ್ರಗಳ ಶಸ್ತ್ರಸಂಗ್ರಹದ ಮಿತಿಯನ್ನಾದರೋ ನೆರೆಯವರ ಶಸ್ತ್ರಾಗಾರ ಗೊತ್ತುಮಾಡುತ್ತದೆ. ಒಬ್ಬರ ರಕ್ಷಣೆ ಮತ್ತೊಬ್ಬರ ಭಯವಾಗಿ, ಆ ಭಯವು ಮರಳಿ ಮೊದಲಿನವರ ವೆಚ್ಚವಾಗುತ್ತದೆ.

ಭಾರತದ ಅಂಕಿಅಂಶಗಳು ಇದನ್ನು ಸ್ಪಷ್ಟಪಡಿಸುತ್ತವೆ. 1950ರ ದಶಕದಲ್ಲಿ ಒಟ್ಟು ದೇಶೀಯ ಉತ್ಪನ್ನದ, ಅಂದರೆ ಒಂದು ವರ್ಷದಲ್ಲಿ ದೇಶದೊಳಗೆ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ಒಟ್ಟು ಮೌಲ್ಯದ, ಸುಮಾರು ಶೇ. 2ರಷ್ಟಿದ್ದ ರಕ್ಷಣಾ ವೆಚ್ಚವು 1962ರ ಚೀನಾ ಯುದ್ಧದ ಬೆನ್ನಿಗೇ ಶೇ. 4ರ ಸಮೀಪಕ್ಕೆ ಏರಿತು. 2013–14ರಲ್ಲಿ ಸುಮಾರು 2.53 ಲಕ್ಷ ಕೋಟಿ ರೂಪಾಯಿಯಿದ್ದ ಆಯವ್ಯಯದ ಹಂಚಿಕೆ 2025–26ಕ್ಕೆ 6.81 ಲಕ್ಷ ಕೋಟಿಯನ್ನು ಮುಟ್ಟಿತು. ಅದೇ ಅವಧಿಯಲ್ಲಿ ಉತ್ಪನ್ನದಲ್ಲಿ ಅದರ ಪಾಲು ಇಳಿದು ಶೇ. 2ಕ್ಕಿಂತ ತುಸು ಕಡಿಮೆಯಾಯಿತು. ಮೊತ್ತದ ಏರಿಕೆಯ ಒಂದಂಶ ಬೆಲೆಯೇರಿಕೆಯದೆಂಬುದು ದಿಟ. ಆದರೂ ಪಾಲು ಇಳಿದುದನ್ನೇ ಸಂಯಮವೆಂದು ಬಗೆಯುವುದು ತಪ್ಪು: ಶೇಕಡಾವಾರು ಲೆಕ್ಕವು ಹೊರೆಯನ್ನು ಅಳೆಯುತ್ತದೆಯೇ ಹೊರತು ಸಂಗ್ರಹವನ್ನಲ್ಲ, ಮತ್ತು ಆದಾಯ ಹೆಚ್ಚಿದಂತೆಲ್ಲ ಮಿತಿಯನ್ನೂ ಹಿಗ್ಗಿಸಿಕೊಳ್ಳುವ ಗೃಹಸ್ಥನನ್ನು ಶ್ರಾವಕಾಚಾರವು ವ್ರತಸ್ಥನೆಂದು ಒಪ್ಪುವುದಿಲ್ಲ.

ಒಟ್ಟು ಮೊತ್ತವನ್ನೆಲ್ಲ ಪರಿಗ್ರಹವೆನ್ನುವುದೂ ಅನ್ಯಾಯವೇ. 2025–26ರ ಹಂಚಿಕೆಯಲ್ಲಿ ಸುಮಾರು 1.6 ಲಕ್ಷ ಕೋಟಿ ರೂಪಾಯಿ ನಿವೃತ್ತರ ಪಿಂಚಣಿಗೆ ಸಲ್ಲುತ್ತದೆ. ಅದು ದುಡಿದವರಿಗೆ ತೀರಿಸಬೇಕಾದ ಋಣ. ವ್ರತದ ಪ್ರಶ್ನೆ ಏಳುವುದು ಮುಖ್ಯವಾಗಿ ಬಂಡವಾಳ ವೆಚ್ಚದಲ್ಲಿ, ಅಂದರೆ ವಿಮಾನ, ನೌಕೆ, ಕ್ಷಿಪಣಿಗಳ ಖರೀದಿ ಮುಂತಾದವುಗಳಿಗೆಂದು ತೆಗೆದಿರಿಸಿದ ಸುಮಾರು 1.8 ಲಕ್ಷ ಕೋಟಿಯಲ್ಲಿ. ಆ ಮೊತ್ತಕ್ಕೆ ಇಷ್ಟೇ ಸಾಕೆಂಬ ಮಿತಿಯನ್ನು ಭಾರತದ ಸಂಸತ್ತು ಇದುವರೆಗೆ ಮುಂಚಿತವಾಗಿ ಘೋಷಿಸಿಲ್ಲ.