ಜೀವಕ್ಕೆ ಬೆಲೆ ಕಟ್ಟುವ ಲೆಕ್ಕ

2001ರ ಸೆಪ್ಟೆಂಬರ್ 11ರ ದಾಳಿಯಾದ ಹನ್ನೊಂದು ದಿನಕ್ಕೆ ಅಮೆರಿಕ ಸರ್ಕಾರ ಸಂತ್ರಸ್ತರ ಪರಿಹಾರ ನಿಧಿಗೆ ಕಾನೂನು ತಂದಿತು. ವಿಮಾನ ಕಂಪನಿಗಳ ಮೇಲೆ ದಾವೆ ಹೂಡುವ ಹಕ್ಕು ಬಿಟ್ಟುಕೊಟ್ಟವರಿಗೆ ಈ ಹಣ. ಮಡಿದವರ ಕುಟುಂಬಗಳಲ್ಲಿ ಶೇ. 97ರಷ್ಟು ಇದನ್ನೇ ಆರಿಸಿಕೊಂಡವು.

ಸತ್ತವರು ಬದುಕಿದ್ದರೆ ಎಷ್ಟು ದುಡಿಯುತ್ತಿದ್ದರು ಎಂದು ಲೆಕ್ಕ ಹಾಕಬೇಕೆಂಬುದು ಕಾನೂನಿನ ಷರತ್ತು. ಹೀಗಾಗಿ ದಾಳಿಗೆ ಕುಸಿದ ಒಂದೇ ಗೋಪುರದಲ್ಲಿ, ಒಂದೇ ಬೆಳಿಗ್ಗೆ ಸತ್ತ ಷೇರು ದಲ್ಲಾಳಿಗೂ 107ನೇ ಮಹಡಿಯ ಹೋಟೆಲಿನ ಅಡುಗೆಮನೆಯವನಿಗೂ ಬೇರೆ ಬೇರೆ ಮೊತ್ತ. ಅನುಭವಿಸಿದ ನೋವಿಗೆ ಮಾತ್ರ ಎಲ್ಲರಿಗೂ ಸಮನಾಗಿ ಎರಡೂವರೆ ಲಕ್ಷ ಡಾಲರ್. ಜೀವವಿಮೆಯ ಹಣ ಬಂದಿದ್ದರೆ ಅದನ್ನು ಪರಿಹಾರದಿಂದ ಕಳೆಯಲಾಗುತ್ತಿತ್ತು. ಸಾವಿಗೆ ಸಂದ ಪರಿಹಾರ ಕೊನೆಗೆ ಎರಡೂವರೆ ಲಕ್ಷದಿಂದ 71 ಲಕ್ಷ ಡಾಲರ್‌ವರೆಗೆ ಹರಡಿಕೊಂಡಿತು.

ಬೆಲೆಯುಳ್ಳದ್ದರ ಜಾಗದಲ್ಲಿ ಇನ್ನೊಂದನ್ನು ಇಡಬಹುದು, ಘನತೆಯುಳ್ಳದ್ದಕ್ಕೆ ಬದಲಿಯೇ ಇಲ್ಲ ಎಂಬುದು ತತ್ವಜ್ಞಾನಿ ಕಾಂಟನ ವಾದ. ನಷ್ಟ ತುಂಬಿಕೊಡುವ ನ್ಯಾಯ ಈ ವಾದಕ್ಕೆ ಕಿವಿಗೊಡದು. ಮನೆಯ ಸಾಲ, ಮಕ್ಕಳ ಓದು ಅದರ ಕಣ್ಣಿಗೆ ಕಾಣುವ ಸತ್ಯ. ಆ ಸತ್ಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಣ ಕೊಡುವುದು ತಪ್ಪಿತಸ್ಥನಲ್ಲ, ಇಡೀ ನಾಡು. ನಾಡಿನ ಬೊಕ್ಕಸ ಸಂಬಳದ ಚೀಟಿ ನೋಡಿ ದುಃಖ ಅಳೆಯುವುದು ಸರಿಯಲ್ಲ. ಸಂಬಳವಿಲ್ಲದೆ ನಿಧಿಯನ್ನು ನಡೆಸಿದ ವಕೀಲ ಕೆನೆತ್ ಫೈನ್‌ಬರ್ಗ್ ಕೂಡ, ಮುಂದೆ ಇಂಥ ನಿಧಿ ಬಂದರೆ ಎಲ್ಲರಿಗೂ ಒಂದೇ ಮೊತ್ತ ಕೊಡಬೇಕೆಂಬ ನಿಲುವಿಗೆ ಬಂದರು. 1995ರ ಒಕ್ಲಹೋಮ ಸಿಟಿ ಸ್ಫೋಟದಲ್ಲಿ ಮಡಿದ 168 ಮಂದಿಯ ಮನೆಯವರಿಗೆ ಅಂಥ ನಿಧಿಯೇ ಇರಲಿಲ್ಲ. ನಮಗೇಕಿಲ್ಲ ಎಂಬ ಅವರ ಪ್ರಶ್ನೆಗೆ ಒಪ್ಪುವ ಉತ್ತರ ಇಂದಿಗೂ ಇಲ್ಲ.

ಕುಸಿದ ಗೋಪುರಗಳ ಅವಶೇಷ ತೆರವಿಗೆ ಇಳಿದವರದು ಬೇರೆಯದೇ ಪ್ರಶ್ನೆ. ಸಿಮೆಂಟು, ಗಾಜಿನ ಎಳೆ, ಕಲ್ನಾರು ಬೆರೆತ ಧೂಳನ್ನು ಅವರು ತಿಂಗಳುಗಟ್ಟಲೆ ಉಸಿರಾಡಿದರು. ಗಾಳಿ ಸುರಕ್ಷಿತವೆಂದು ಸರ್ಕಾರದ ಪರಿಸರ ಸಂಸ್ಥೆಯ ಮುಖ್ಯಸ್ಥರೇ ವಾರದೊಳಗೆ ಹೇಳಿದ್ದರು. ಕ್ಯಾನ್ಸರ್ ತಲೆಯೆತ್ತುವ ಹೊತ್ತಿಗೆ ಮೊದಲ ನಿಧಿ ಬಾಗಿಲು ಹಾಕಿತ್ತು. ಒಬ್ಬನ ಗೆಡ್ಡೆ ಆ ಧೂಳಿನಿಂದಲೇ ಬಂತೆಂದು ರುಜುವಾತು ಮಾಡುವುದು ವೈದ್ಯರಿಗೂ ಆಗದ ಮಾತು. ಸಂಶಯದ ಭಾರವನ್ನು ಯಾರು ಹೊರಬೇಕು, ರೋಗಿಯೋ ಸರ್ಕಾರವೋ?

2011ರ ಜನವರಿಯಲ್ಲಿ ಸಹಿಯಾದ ಜೇಮ್ಸ್ ಝಡ್ರೋಗ ಕಾಯ್ದೆ ಆ ಭಾರವನ್ನು ಬಹುಪಾಲು ರೋಗಿಯ ಹೆಗಲಿನಿಂದ ಇಳಿಸಿತು. ಸ್ಥಳದಲ್ಲಿ ನಿಗದಿತ ಅವಧಿ ಇದ್ದದ್ದಕ್ಕೆ ದಾಖಲೆ ಬೇಕು, ಕಾಯಿಲೆ ಪಟ್ಟಿಯಲ್ಲಿರಬೇಕು, ಧೂಳು ಅದಕ್ಕೆ ಗಣನೀಯ ಕಾರಣವಾಗಿರುವ ಸಂಭವ ಹೆಚ್ಚೆಂದು ವೈದ್ಯರು ಒಪ್ಪಬೇಕು. 2012ರಲ್ಲಿ ಹಲವು ಕ್ಯಾನ್ಸರ್‌ಗಳೂ ಪಟ್ಟಿಗೆ ಸೇರಿದವು. ಈ ಕಾಯ್ದೆಯಡಿ ಬಂದ ಆರೋಗ್ಯ ಕಾರ್ಯಕ್ರಮದಲ್ಲಿ ಸಂಬಳದ ಲೆಕ್ಕವಿಲ್ಲ: ಅಗ್ನಿಶಾಮಕನಿಗೂ ಕಚೇರಿ ಗುಡಿಸಿದವಳಿಗೂ ದೃಢಪಟ್ಟ ಕಾಯಿಲೆಗೆ ಉಚಿತ ಚಿಕಿತ್ಸೆ. ಆಗ ಆ ಪ್ರದೇಶದ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳಿಗೂ ಅವಕಾಶವಿದೆ. ಆರೋಗ್ಯ ಕಾರ್ಯಕ್ರಮದ ಅವಧಿಯನ್ನು 2015ರಲ್ಲಿ 2090ರವರೆಗೆ ವಿಸ್ತರಿಸಲಾಯಿತು.